ಲಿಥಿಯಂ ಕಾರ್ಬೊನೇಟ್ 300 ಮಿ.ಗ್ರಾಂ ಮಾತ್ರೆ: ಬಳಕೆಯ ಅನುಭವ ಮತ್ತು ಅದರ ಹಿಂದಿರುವ ಪ್ರಾಣಿಗಳ ಲೆಕ್ಕ

ಉನ್ಮಾದವೂ ಖಿನ್ನತೆಯೂ ಬಂದು ಬಂದು ಹೋಗುವ ಬೈಪೋಲಾರ್ ಕಾಯಿಲೆಗೆ ಮನೋವೈದ್ಯರು ಬರೆದುಕೊಡುವ ಔಷಧಗಳಲ್ಲಿ ಎಲ್ಲಕ್ಕಿಂತ ಹಳೆಯದೂ ಇಂದಿಗೂ ಮೊದಲ ಸಾಲಿನಲ್ಲಿ ನಿಲ್ಲುವಂಥದೂ ಲಿಥಿಯಂ ಕಾರ್ಬೊನೇಟ್. ನನ್ನ ತಮ್ಮ ಈ ಮಾತ್ರೆಯನ್ನು ಹಲವು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದಾನೆ. ತಿಂಗಳಿಗೆ ಬೇಕಾದಷ್ಟನ್ನು ತಂದಿಡುವುದು, ರಕ್ತ ಪರೀಕ್ಷೆಯ ದಿನವನ್ನು ನೆನಪಿಸುವುದು, ವೈದ್ಯರ ಮುಂದೆ ಅವನ ಪಕ್ಕದಲ್ಲಿ ಕೂತು ಮಾತು ಕೇಳಿಸಿಕೊಳ್ಳುವುದು ಇವೆಲ್ಲ ನನ್ನ ಪಾಲಿಗೆ ಬಂದ ಕೆಲಸಗಳು. ಹೀಗಾಗಿ ಮಾತ್ರೆಯ ಗುಣದೋಷಗಳ ಬಗ್ಗೆ ಹತ್ತಿರದಿಂದ ಕಂಡದ್ದನ್ನು ಬರೆಯಬಲ್ಲೆ. ಆದರೆ ಈ ವಿಮರ್ಶೆಯ ಹೆಚ್ಚಿನ ಭಾಗ ಇನ್ನೊಂದು ಪ್ರಶ್ನೆಗೆ ಮೀಸಲಾಗಿದೆ, ಏಕೆಂದರೆ ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಸಿಗದೆ ಮಾತ್ರೆ ಮುಂದುವರಿಯುವ ಹಾಗಿರಲಿಲ್ಲ.

ನಮ್ಮದು ಕರಾವಳಿಯ ಜೈನ ಮನೆತನ. ಔಷಧ ಯಾವುದೇ ಇರಲಿ, ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಗಳ ಮೂಳೆ, ಚರ್ಮಗಳಿಂದ ಮಾಡುವ ಜೆಲಾಟಿನ್‌ನದೋ ಅಲ್ಲವೋ ಎಂದು ಮೊದಲು ವಿಚಾರಿಸುವುದು ನಮ್ಮಲ್ಲಿ ರೂಢಿ. ಲಿಥಿಯಂ ಒಂದು ಖನಿಜದಿಂದ ಬರುವ ಲವಣ, ನಮಗೆ ಕೊಟ್ಟದ್ದು ಕ್ಯಾಪ್ಸೂಲ್ ಅಲ್ಲ, ಬಿಳಿಯ ಮಾತ್ರೆ. ಇಷ್ಟು ತಿಳಿದ ಮೇಲೆ ಅಮ್ಮನಿಗೆ ಸಮಾಧಾನವಾಯಿತು. ತಮ್ಮನಿಗೆ ಆಗಲಿಲ್ಲ. ಕಾಯಿಲೆಯ ಖಿನ್ನತೆಯ ಹಂತದಲ್ಲಿ ತನ್ನನ್ನು ಎಲ್ಲದಕ್ಕೂ ತಪ್ಪಿತಸ್ಥನೆಂದು ಭಾವಿಸುವ ಮನಸ್ಸು ಅವನದು. "ಇದನ್ನು ಕಂಡುಹಿಡಿಯೋದಕ್ಕೆ ಎಷ್ಟು ಜೀವ ಹೋಗಿರಬಹುದು ಅಕ್ಕಾ?" ಎಂದು ಅವನು ಕೇಳಿದಾಗ, ಅದನ್ನು ಕಾಯಿಲೆಯ ಮಾತೆಂದು ತಳ್ಳಿಹಾಕುವುದು ನನಗೆ ಸರಿಕಾಣಲಿಲ್ಲ. ಆರೋಗ್ಯವಾಗಿರುವವರೂ ಕೇಳಬೇಕಾದ ಪ್ರಶ್ನೆ ಅದು. ಓದಿ ತಿಳಿದುಕೊಂಡದ್ದನ್ನು, ಮಾತ್ರೆಯ ಬಗೆಗಿನ ಅಭಿಪ್ರಾಯದೊಂದಿಗೆ ಇಲ್ಲಿ ಕೊಡುತ್ತಿದ್ದೇನೆ.

ಮೊದಲು ಮಾತ್ರೆಯ ವಿಷಯ. ತಮ್ಮನ ಮಟ್ಟಿಗೆ ಹೇಳುವುದಾದರೆ ಇದು ಕೆಲಸ ಮಾಡಿದೆ. ಉನ್ಮಾದದ ಹಂತದಲ್ಲಿ ನಿದ್ದೆಯೇ ಇಲ್ಲದೆ, ಮಾತು ನಿಲ್ಲದೆ, ಕೈಯಲ್ಲಿದ್ದ ಹಣವನ್ನೆಲ್ಲ ಒಂದೇ ವಾರದಲ್ಲಿ ಕರಗಿಸಿಬಿಡುತ್ತಿದ್ದ ಹುಡುಗ ಈಗ ಕೆಲಸಕ್ಕೆ ಹೋಗುತ್ತಾನೆ, ರಾತ್ರಿ ಮಲಗುತ್ತಾನೆ, ಜಗಳವಾಡಿದರೂ ಕಾರಣವಿದ್ದು ಆಡುತ್ತಾನೆ. ಮಾತ್ರೆ ಅವನನ್ನು ಮಂಕಾಗಿಸಿಲ್ಲ. ಅಡ್ಡಪರಿಣಾಮಗಳು ಇಲ್ಲವೆಂದಲ್ಲ: ಬಾಯಾರಿಕೆ ವಿಪರೀತ, ರಾತ್ರಿ ಮೂತ್ರಕ್ಕೆ ಏಳಲೇಬೇಕು, ಕಾಫಿ ಲೋಟ ಹಿಡಿದಾಗ ಬೆರಳುಗಳಲ್ಲಿ ಸಣ್ಣ ನಡುಕ ಕಾಣುತ್ತದೆ, ಮೊದಮೊದಲು ಬಾಯಲ್ಲಿ ಲೋಹದ ರುಚಿಯೂ ಇತ್ತು. ಇವೆಲ್ಲವುಗಳಿಗಿಂತ ಮುಖ್ಯವಾದ ಮಾತೆಂದರೆ ಈ ಔಷಧಕ್ಕೂ ವಿಷಕ್ಕೂ ನಡುವೆ ಇರುವ ಅಂತರ ಬಹಳ ಕಿರಿದು. ದೀರ್ಘಕಾಲದ ಬಳಕೆಯಲ್ಲಿ ರಕ್ತದ ಲಿಥಿಯಂ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿ ಈಕ್ವಿವಲೆಂಟ್ ಒಳಗಿರಬೇಕೆಂದು ವೈದ್ಯರು ಬಯಸುತ್ತಾರೆ, 1.5 ದಾಟಿದರೆ ವಾಂತಿ, ಭೇದಿ, ತೊದಲು, ತೂರಾಟ ಶುರುವಾಗಬಹುದು, ಇನ್ನೂ ಏರಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಹಿಂದಿನ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ ರಕ್ತ ಕೊಡುವ ಪರೀಕ್ಷೆ, ಅದರ ಜೊತೆಗೆ ಕಿಡ್ನಿ ಮತ್ತು ಥೈರಾಯ್ಡ್ ಪರೀಕ್ಷೆ, ಈ ಔಷಧ ಇರುವಷ್ಟು ಕಾಲವೂ ತಪ್ಪುವುದಿಲ್ಲ.

ಇನ್ನೊಂದು ಸಂಗತಿಯನ್ನು ನಮ್ಮಂಥ ಮನೆಗಳವರು ವಿಶೇಷವಾಗಿ ಗಮನಿಸಬೇಕು. ದೇಹದಲ್ಲಿ ಸೋಡಿಯಂ ಕಡಿಮೆಯಾದರೆ ಮೂತ್ರಪಿಂಡಗಳು ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತವೆ. ದಶಲಕ್ಷಣ ಪರ್ವದಲ್ಲಿ ಉಪ್ಪು ಬಿಟ್ಟು ಉಣ್ಣುವುದು, ನೀರನ್ನೂ ಮಿತಿಗೊಳಿಸಿ ಉಪವಾಸ ಮಾಡುವುದು ಲಿಥಿಯಂ ಸೇವಿಸುವವರಿಗೆ ನಿಜವಾಗಿಯೂ ಅಪಾಯಕಾರಿ. ವೈದ್ಯರು ಇದನ್ನು ಬಿಡಿಸಿ ಹೇಳಿದ ಮೇಲೆ ಮನೆಯ ಹಿರಿಯರು ಮರುಮಾತಿಲ್ಲದೆ ಒಪ್ಪಿದರು. ತಮ್ಮ ಈಗ ಉಪವಾಸದ ಬದಲು ಸ್ವಾಧ್ಯಾಯಕ್ಕೆ ಕೂರುತ್ತಾನೆ. ಬೇಸಿಗೆಯ ಬೆವರು, ವಾಂತಿಭೇದಿ, ಮೈಕೈ ನೋವಿಗೆಂದು ಮೆಡಿಕಲ್ ಶಾಪ್‌ನಲ್ಲಿ ಚೀಟಿಯಿಲ್ಲದೆ ಕೊಂಡ ಐಬುಪ್ರೊಫೆನ್, ರಕ್ತದೊತ್ತಡಕ್ಕೆ ಕೊಡುವ ಕೆಲವು ಮೂತ್ರವರ್ಧಕ ಮಾತ್ರೆಗಳು ಇವೂ ಲಿಥಿಯಂ ಮಟ್ಟವನ್ನು ಏರಿಸಬಲ್ಲವು.

ಉಪ್ಪಿನ ಈ ಪಾಠ ಪುಸ್ತಕದಿಂದ ಬಂದದ್ದಲ್ಲ. 1940ರ ದಶಕದಲ್ಲಿ ಅಮೆರಿಕದಲ್ಲಿ ಹೃದ್ರೋಗಿಗಳಿಗೆ ಅಡುಗೆ ಉಪ್ಪಿನ ಬದಲಿಗೆ ಲಿಥಿಯಂ ಕ್ಲೋರೈಡನ್ನು ಮಾರಲಾಗುತ್ತಿತ್ತು. ಸೋಡಿಯಂ ಬಿಟ್ಟವರೇ ಅದನ್ನು ಮನಬಂದಂತೆ ಊಟಕ್ಕೆ ಹಾಕಿಕೊಂಡದ್ದರಿಂದ ಹಲವರು ವಿಷವೇರಿ ಅಸ್ವಸ್ಥರಾದರು, ಕೆಲವರು ಸತ್ತರು, 1949ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದುಹಾಕಲಾಯಿತು. ಮೂತ್ರಪಿಂಡ ಲಿಥಿಯಂ ಅನ್ನು ಸೋಡಿಯಂನಂತೆಯೇ ಮರಳಿ ಹೀರಿಕೊಳ್ಳುತ್ತದೆ ಎಂಬ ವಿವರ ಖಚಿತವಾದದ್ದು ಮುಂದೆ ಇಲಿಗಳ ಮೇಲೂ ಮನುಷ್ಯರ ಮೇಲೂ ನಡೆದ ಅಧ್ಯಯನಗಳಿಂದ. ತಮ್ಮನ ಪ್ರಶ್ನೆಗೆ ಸಿಕ್ಕ ಮೊದಲ ಉತ್ತರವೇ ಹೀಗೆ ಮಿಶ್ರವಾಗಿತ್ತು: ಎಚ್ಚರಿಕೆಯ ಗಂಟೆ ಬಾರಿಸಿದ್ದು ಮನುಷ್ಯರ ಸಾವು, ಅದರ ಕಾರಣವನ್ನು ತಿಳಿಸಲು ನೆರವಾದದ್ದು ಇಲಿಗಳ ಮೂತ್ರಪಿಂಡ.

ಕಾಕತಾಳೀಯವೆಂಬಂತೆ, ಲಿಥಿಯಂ ಉನ್ಮಾದಕ್ಕೆ ಮದ್ದಾಗಬಲ್ಲದು ಎಂಬ ಸುದ್ದಿ ಹೊರಬಿದ್ದದ್ದೂ ಅದೇ 1949ರಲ್ಲಿ. ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರದ ಚಾಂಗಿಯಲ್ಲಿ ಜಪಾನೀಯರ ಸೆರೆಯಾಳಾಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕಳೆದವರು. ಅಲ್ಲಿ ಸಹಕೈದಿಗಳ ಮನಸ್ಸು ಕೆಡುವುದನ್ನು ನೋಡುತ್ತಾ, ಮನೋರೋಗಕ್ಕೆ ದೇಹದೊಳಗಿನ ಯಾವುದೋ ರಾಸಾಯನಿಕ ಕಾರಣ ಇರಬೇಕೆಂಬ ನಂಬಿಕೆ ಅವರಲ್ಲಿ ಬೇರೂರಿತು. ಯುದ್ಧ ಮುಗಿದು ಮೆಲ್ಬರ್ನ್ ಹೊರವಲಯದ ಬುಂಡೂರದ ಆಸ್ಪತ್ರೆಗೆ ಬಂದ ಮೇಲೆ, ಬಳಕೆಯಲ್ಲಿಲ್ಲದ ಒಂದು ಉಗ್ರಾಣದ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡರು. ಉನ್ಮಾದದ ರೋಗಿಯ ದೇಹದಲ್ಲಿ ಹೆಚ್ಚಾದ ವಿಷವಸ್ತು ಮೂತ್ರದಲ್ಲಿ ಹೊರಬರಬೇಕು ಎಂಬುದು ಅವರ ಊಹೆ. ರೋಗಿಗಳ ಮೂತ್ರವನ್ನು ಸಂಗ್ರಹಿಸಿ ಮನೆಯ ಫ್ರಿಜ್‌ನಲ್ಲಿಟ್ಟು, ಅದನ್ನು ಗಿನಿಪಿಗ್‌ಗಳ ಹೊಟ್ಟೆಯೊಳಕ್ಕೆ ಚುಚ್ಚಿದರು. ಪ್ರಾಣಿಗಳು ಸತ್ತವು. ಆರೋಗ್ಯವಂತರ ಮೂತ್ರಕ್ಕಿಂತ ಉನ್ಮಾದದವರ ಮೂತ್ರ ಹೆಚ್ಚು ವಿಷಕಾರಿ ಎಂದು ಅವರಿಗೆ ತೋರಿತು. ಕೊಲ್ಲುತ್ತಿದ್ದದ್ದು ಯೂರಿಯಾ, ಅದರ ವಿಷವನ್ನು ಯೂರಿಕ್ ಆಮ್ಲ ಹೆಚ್ಚಿಸುತ್ತಿರಬಹುದೇ ಎಂದು ನೋಡಹೊರಟಾಗ ಯೂರಿಕ್ ಆಮ್ಲ ನೀರಿನಲ್ಲಿ ಸುಲಭವಾಗಿ ಕರಗದೆ ತೊಡಕಾಯಿತು. ಚೆನ್ನಾಗಿ ಕರಗುವ ಅದರ ಲವಣವೆಂದರೆ ಲಿಥಿಯಂ ಯೂರೇಟ್. ಲಿಥಿಯಂ ಈ ಕಥೆಯೊಳಗೆ ಬಂದದ್ದು ಬರೀ ಕರಗಿಸುವ ಅನುಕೂಲಕ್ಕೆ.

ಲಿಥಿಯಂ ಯೂರೇಟ್ ಸೇರಿದಾಗ ವಿಷ ಹೆಚ್ಚುವುದರ ಬದಲು ಕಡಿಮೆಯಾಯಿತು. ಹಾಗಾದರೆ ಲಿಥಿಯಂ ಒಂದನ್ನೇ ಕೊಟ್ಟರೆ ಏನಾಗುತ್ತದೆಂದು ಕೇಡ್ ಅವರು ಲಿಥಿಯಂ ಕಾರ್ಬೊನೇಟಿನ ದ್ರಾವಣವನ್ನು ಚುಚ್ಚಿದರು. ಸುಮಾರು ಎರಡು ಗಂಟೆಗಳ ನಂತರ ಗಿನಿಪಿಗ್‌ಗಳು ಎಚ್ಚರವಾಗಿಯೇ ಇದ್ದರೂ ತೀರಾ ಜಡವಾದವು, ಇನ್ನೊಂದೆರಡು ಗಂಟೆ ಹಾಗೆಯೇ ಇದ್ದು ಮತ್ತೆ ಎಂದಿನ ಅಂಜುಬುರುಕ ಚುರುಕಿಗೆ ಮರಳಿದವು. ಸಾಮಾನ್ಯವಾಗಿ ಗಿನಿಪಿಗ್ ಅನ್ನು ಅಂಗಾತ ಮಲಗಿಸಿದರೆ ಕಾಲು ಬಡಿದು, ಹೊರಳಿ, ಓಡಿಹೋಗಲು ಒದ್ದಾಡುತ್ತದೆ; ಇವು ಮಾತ್ರ ಬೆನ್ನ ಮೇಲೆ ಮಲಗಿದಂತೆಯೇ ಅವರ ಮುಖವನ್ನು ನೋಡುತ್ತಿದ್ದವು. ಆ ನೋಟದಿಂದ ಕೇಡ್ ಅವರಿಗೆ ಉನ್ಮಾದದ ರೋಗಿಗಳ ನೆನಪಾಯಿತು, ಅವರನ್ನೂ ಇದು ಶಾಂತಗೊಳಿಸೀತೇ ಎನಿಸಿತು. ಮೊದಲು ತಾವೇ ಲಿಥಿಯಂ ಸೇವಿಸಿ ನೋಡಿ, 1948ರ ಮಾರ್ಚ್ ಕೊನೆಯಲ್ಲಿ 51 ವರ್ಷದ ಒಬ್ಬ ರೋಗಿಗೆ ಕೊಡತೊಡಗಿದರು. ಐದು ವರ್ಷಗಳಿಂದ ಉನ್ಮಾದದಲ್ಲೇ ಇದ್ದು ವಾರ್ಡಿನಲ್ಲಿ ಎಲ್ಲರಿಗೂ ತಲೆನೋವಾಗಿದ್ದ ಆ ವ್ಯಕ್ತಿ ಕೆಲವೇ ತಿಂಗಳಲ್ಲಿ ಮನೆಗೆ ಹೋಗಿ ಹಳೆಯ ಕೆಲಸಕ್ಕೆ ಸೇರಿದರು. 1949ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ವರದಿಯಲ್ಲಿ ಉನ್ಮಾದದ ಹತ್ತು ರೋಗಿಗಳೂ ಸುಧಾರಿಸಿದ್ದಾರೆಂದು ಕೇಡ್ ಬರೆದರು.

ಇಲ್ಲಿಗೆ ನಿಲ್ಲಿಸಿದರೆ ಇದು ಪ್ರಾಣಿ ಸಂಶೋಧನೆಯ ವಿಜಯದ ಕಥೆಯಾಗುತ್ತದೆ, ಹಲವೆಡೆ ಇದನ್ನು ಹೀಗೆಯೇ ಹೇಳುತ್ತಾರೆ. ಆದರೆ ಮುಂದಿನದನ್ನೂ ಓದಬೇಕು. ಯೂರಿಕ್ ಆಮ್ಲದ ಊಹೆ ಉನ್ಮಾದದ ಕಾರಣವಾಗಿ ನಿಲ್ಲಲಿಲ್ಲ. ಆ ಗಿನಿಪಿಗ್‌ಗಳ ಜಡತೆ ನೆಮ್ಮದಿಯಾಗಿರದೆ ಲಿಥಿಯಂ ವಿಷದ ಮೊದಲ ಲಕ್ಷಣವೇ ಆಗಿದ್ದಿರಬಹುದೆಂದು ನಂತರದ ಸಂಶೋಧಕರು ಶಂಕಿಸಿದರು, ಈ ಶಂಕೆಗೆ ಬಲವಾದ ಆಧಾರವೂ ಇದೆ. ಇಲಿಗಳಿಗೆ ಯಾವುದಾದರೂ ಹೊಸ ರುಚಿಯ ಮೇಲೆ ಅಸಹ್ಯ ಹುಟ್ಟಿಸಬೇಕಾದರೆ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಬಳಸುವ ವಸ್ತು ಲಿಥಿಯಂ ಕ್ಲೋರೈಡ್. ಆ ರುಚಿಯ ಹಿಂದೆಯೇ ಅದನ್ನು ಚುಚ್ಚಿದರೆ ಹೊಟ್ಟೆ ತೊಳಸಿ ಇಲಿ ಮತ್ತೆಂದೂ ಆ ರುಚಿಯ ಹತ್ತಿರ ಸುಳಿಯುವುದಿಲ್ಲ. ಹೊಟ್ಟೆ ಕೆಟ್ಟು ಸುಮ್ಮನೆ ಬಿದ್ದಿರುವ ಪ್ರಾಣಿಯನ್ನೂ ಮನಸ್ಸು ಶಾಂತವಾಗಿರುವ ಪ್ರಾಣಿಯನ್ನೂ ಹೊರಗಿನಿಂದ ಬೇರೆ ಮಾಡಿ ನೋಡುವುದು ಹೇಗೆ? ಕೇಡ್ ಅವರ ಮೊದಲ ರೋಗಿ ಕೂಡ ಮಾತ್ರೆ ಬಿಟ್ಟು ಮರಳಿ ಕಾಯಿಲೆ ಬಿದ್ದು, ಮತ್ತೆ ಲಿಥಿಯಂಗೆ ಬಂದು, 1950ರಲ್ಲಿ ಲಿಥಿಯಂ ವಿಷದಿಂದಲೇ ತೀರಿಕೊಂಡರು. ಈ ಸಾವಿನಿಂದ ಕಂಗೆಟ್ಟ ಕೇಡ್ ಕೆಲಕಾಲ ಔಷಧವನ್ನೇ ಕೈಬಿಟ್ಟರು. ಮೆಲ್ಬರ್ನ್ ವಿಶ್ವವಿದ್ಯಾಲಯದ ಎಡ್ವರ್ಡ್ ಟ್ರಾಟ್ನರ್ ಮತ್ತು ಅವರ ಸಂಗಡಿಗರು ರೋಗಿಗಳ ರಕ್ತದಲ್ಲಿ ಲಿಥಿಯಂ ಅಳೆಯುವ ಕ್ರಮವನ್ನು ರೂಢಿಗೆ ತಂದದ್ದರಿಂದಲೇ ಅದು ಉಳಿದುಕೊಂಡಿತು. ತಮ್ಮನ ಕೈಯಿಂದ ಪ್ರತಿ ಸಲ ರಕ್ತ ತೆಗೆಯುವುದನ್ನು ನೋಡುವಾಗ ನಾನು ನೆನೆಯುವುದು ಟ್ರಾಟ್ನರ್ ಅವರನ್ನು.

ಇಂದು ವೈದ್ಯರು ಧೈರ್ಯವಾಗಿ ಲಿಥಿಯಂ ಬರೆಯುವುದಕ್ಕೆ ಆಧಾರ ಮನುಷ್ಯರ ಮೇಲಿನ ಅಧ್ಯಯನಗಳು. ಡೆನ್ಮಾರ್ಕಿನ ಮನೋವೈದ್ಯ ಮೊಗೆನ್ಸ್ ಶೌ 1954ರಲ್ಲಿ ಉನ್ಮಾದದ ರೋಗಿಗಳಲ್ಲಿ ಔಷಧವನ್ನೂ ಔಷಧವೇ ಇಲ್ಲದ ಹುಸಿಮಾತ್ರೆಯನ್ನೂ ಹೋಲಿಸಿ ನೋಡಿದರು. ಅವರ ಸ್ವಂತ ತಮ್ಮನಿಗೂ ಪದೇಪದೇ ಮರುಕಳಿಸುವ ಖಿನ್ನತೆ ಇತ್ತು. 1970ರಲ್ಲಿ ಪೌಲ್ ಬಾಸ್ಟ್ರುಪ್ ಅವರೊಂದಿಗೆ ಪ್ರಕಟಿಸಿದ ಪ್ರಯೋಗದಲ್ಲಿ ಲಿಥಿಯಂನಲ್ಲಿ ಸ್ಥಿರವಾಗಿದ್ದ 84 ಮಹಿಳೆಯರ ಪೈಕಿ ಕೆಲವರಿಗೆ ತಿಳಿಯದಂತೆ ಹುಸಿಮಾತ್ರೆ ಕೊಡಲಾಯಿತು. ಹುಸಿಮಾತ್ರೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕಾಯಿಲೆ ಮರುಕಳಿಸಿತು, ಲಿಥಿಯಂ ಮುಂದುವರಿಸಿದವರಲ್ಲಿ ಒಬ್ಬರಿಗೂ ಇಲ್ಲ. ಅಮೆರಿಕ ಉನ್ಮಾದಕ್ಕೆ ಇದನ್ನು ಅಂಗೀಕರಿಸಿದ್ದು ಅದೇ ವರ್ಷ. ಕಾಯಿಲೆ ಮರುಕಳಿಸದಂತೆ ತಡೆಯುವ ಗುಣವನ್ನು, ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವ ಗುಣವನ್ನು ಯಾವ ಇಲಿಯೂ ಮುಂದಾಗಿ ತೋರಿಸಿಕೊಟ್ಟಿರಲಿಲ್ಲ, ತೋರಿಸಿಕೊಡುವುದು ಸಾಧ್ಯವೂ ಇರಲಿಲ್ಲ.

ಹಾಗಾದರೆ ಇಂದಿನ ಪ್ರಯೋಗಾಲಯಗಳಲ್ಲಿ ಬೈಪೋಲಾರ್ ಕಾಯಿಲೆಯ ಹೆಸರಿನಲ್ಲಿ ಪ್ರಾಣಿಗಳ ಮೇಲೆ ನಡೆಯುತ್ತಿರುವುದೇನು? ಕಾಯಿಲೆಯನ್ನು ಪ್ರಾಣಿಯಲ್ಲಿ ಹುಟ್ಟಿಸುವ ಪ್ರಯತ್ನ. ಅತ್ಯಂತ ಸುಲಭದ ದಾರಿ, ಇಲಿಗೆ ಆಂಫೆಟಮೈನ್ ಎಂಬ ಉತ್ತೇಜಕವನ್ನು ಕೊಟ್ಟು ಅದು ಪೆಟ್ಟಿಗೆಯೊಳಗೆ ಎಷ್ಟು ದೂರ ಓಡಾಡಿತೆಂದು ಅಳೆಯುವುದು. ಲಿಥಿಯಂ ಕೊಟ್ಟಾಗ ಓಟ ಕಡಿಮೆಯಾದರೆ ಅದು ಉನ್ಮಾದದ ಮಾದರಿಯೆಂದು ಒಪ್ಪುವುದು. ಇನ್ನೊಂದು ದಾರಿಯಲ್ಲಿ, ಬಾಣಗಳಿಗೆ ಸವರುತ್ತಿದ್ದ ಔಬೇನ್ ಎಂಬ ಸಸ್ಯವಿಷವನ್ನು ಇಲಿಯ ಮಿದುಳಿನ ದ್ರವಕುಹರಕ್ಕೇ ಚುಚ್ಚುತ್ತಾರೆ. ಮತ್ತೊಂದರಲ್ಲಿ ನೀರಿನ ನಡುವೆ ಇರುವ ಅಂಗೈಯಗಲದ ಕಟ್ಟೆಯ ಮೇಲೆ ಇಲಿಯನ್ನು ಮೂರು ದಿನ ಬಿಡುತ್ತಾರೆ. ನಿದ್ದೆ ಹತ್ತಿ ಮೈ ಸಡಿಲವಾದ ಕೂಡಲೇ ಅದು ನೀರಿಗೆ ಬಿದ್ದು ಎಚ್ಚರಗೊಳ್ಳುತ್ತದೆ. 72 ಗಂಟೆಗಳ ನಂತರ ಗೂಡಿಗೆ ಬಿಟ್ಟಾಗ ಅದು ತಕ್ಷಣ ನಿದ್ದೆಹೋಗದೆ ಸುಮಾರು ಅರ್ಧ ಗಂಟೆ ಹುಚ್ಚೆದ್ದಂತೆ ಓಡಾಡುತ್ತದೆ, ಆ ಅರ್ಧ ಗಂಟೆಯನ್ನು ಉನ್ಮಾದಕ್ಕೆ ಹೋಲಿಸುತ್ತಾರೆ. ನಿದ್ದೆಗೆಡುವುದರಿಂದ ಉನ್ಮಾದ ಕೆರಳುವುದು ನಿಜ, ಅದನ್ನು ನಮ್ಮ ಮನೆಯಲ್ಲೇ ಕಂಡಿದ್ದೇವೆ. ಆದರೂ ಆ ಕಟ್ಟೆಯ ಮೇಲಿನ ಮೂರು ದಿನಗಳ ವಿವರವನ್ನು ಓದುವಾಗ ನನಗೆ ಮುಂದಿನ ಪುಟಕ್ಕೆ ಹೋಗುವುದು ಕಷ್ಟವಾಯಿತು.

ಇವೆಲ್ಲವುಗಳಿಗಿಂತ ಗಂಭೀರವಾಗಿ ಪರಿಗಣಿಸಬೇಕಾದದ್ದು ಕ್ಲಾಕ್ ಎಂಬ ಜೀನ್‌ನಲ್ಲಿ ಮಾರ್ಪಾಡಿರುವ ಇಲಿಗಳ ತಳಿ. ದೇಹದ ದಿನಚರಿಯ ಗಡಿಯಾರವನ್ನು ನಡೆಸುವ ಈ ಜೀನನ್ನು ಅಮೆರಿಕದಲ್ಲಿ ಜೋಸೆಫ್ ತಕಹಾಶಿಯವರ ತಂಡ 1994ರಲ್ಲಿ ಇಲಿಗಳಲ್ಲಿ ಗುರುತಿಸಿತ್ತು. ಈ ತಳಿಯ ಇಲಿಗಳು ಹೆಚ್ಚು ಓಡಾಡುತ್ತವೆ, ಕಡಿಮೆ ನಿದ್ರಿಸುತ್ತವೆ, ಬಯಲಿಗೆ ಅಂಜುವುದಿಲ್ಲ, ಕೊಕೇನಿನ ಕಡೆಗೆ ಹೆಚ್ಚು ವಾಲುತ್ತವೆ. ಕೊಲೀನ್ ಮೆಕ್ಲಂಗ್ ಅವರ ತಂಡ 2007ರಲ್ಲಿ ಈ ನಡವಳಿಕೆಗಳನ್ನು ಉನ್ಮಾದದೊಂದಿಗೆ ಹೋಲಿಸಿ, ಕುಡಿಯುವ ನೀರಿನಲ್ಲಿ ಲಿಥಿಯಂ ಬೆರೆಸಿ ಕೊಟ್ಟಾಗ ಅವುಗಳಲ್ಲಿ ಹಲವು ಸಾಮಾನ್ಯ ಸ್ಥಿತಿಗೆ ಮರಳಿದವೆಂದು ತೋರಿಸಿತು. 2015ರಲ್ಲಿ ಇನ್ನೊಂದು ಅಂಶ ತಿಳಿಯಿತು: ಈ ಇಲಿಗಳ ಉನ್ಮಾದದಂಥ ನಡವಳಿಕೆ ಹಗಲಿನಲ್ಲಿ ಏರಿ ರಾತ್ರಿ ಇಳಿಯುತ್ತದೆ, ಹಗಲಿನ ಏರಿಕೆಗೆ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಹೊರಬಿಡುವ ಕೋಶಗಳ ಚಟುವಟಿಕೆ ಕಾರಣ. ನಿದ್ದೆ, ಬೆಳಕು, ದಿನಚರಿ ಇವುಗಳಿಗೂ ಈ ಕಾಯಿಲೆಗೂ ಇರುವ ನಂಟನ್ನು ಬಿಡಿಸಲು ಇಂಥ ಅಧ್ಯಯನಗಳು ನೆರವಾಗಿವೆ ಎಂಬುದನ್ನು ನಾನು ಅಲ್ಲಗಳೆಯಲಾರೆ. ದಿನಾ ಒಂದೇ ಹೊತ್ತಿಗೆ ಮಲಗು, ಒಂದೇ ಹೊತ್ತಿಗೆ ಏಳು ಎಂದು ವೈದ್ಯರು ತಮ್ಮನಿಗೆ ಹೇಳುವುದನ್ನು ನಾವು ಮಾತ್ರೆಯಷ್ಟೇ ಗಂಭೀರವಾಗಿ ಪಾಲಿಸುತ್ತೇವೆ.

ಆದರೆ ಕೊರತೆ ಎಲ್ಲಿದೆಯೆಂದರೆ, ಬೈಪೋಲಾರ್ ಎಂದರೆ ಬರೀ ಉನ್ಮಾದವಲ್ಲ. ವಾರಗಟ್ಟಲೆ ಉನ್ಮಾದ, ತಿಂಗಳುಗಟ್ಟಲೆ ಖಿನ್ನತೆ, ನಡುವೆ ವರ್ಷಗಟ್ಟಲೆ ಎಲ್ಲರಂತೆ ಬದುಕು, ಮತ್ತೆ ಹೊರಗಿನ ಕಾರಣವೇ ಇಲ್ಲದೆ ತಿರುಗಿಬೀಳುವ ಕಾಯಿಲೆ ಅದು. ತಾನಾಗಿಯೇ ಹೀಗೆ ಎರಡೂ ಕಡೆಗೆ ವಾಲಿ ಮಧ್ಯಕ್ಕೆ ಮರಳುವ ಇಲಿಯನ್ನು, ಎಲ್ಲರೂ ಒಪ್ಪುವ ರೀತಿಯಲ್ಲಿ, ಇನ್ನೂ ಯಾರೂ ರೂಪಿಸಿಲ್ಲ. ಹೆಚ್ಚು ಓಡಿದ ಇಲಿಗೆ ತಾನು ಜಗತ್ತನ್ನೇ ಉದ್ಧರಿಸಲು ಬಂದವನೆಂಬ ಭ್ರಮೆ ಇದೆಯೇ, ಮೂಲೆಯಲ್ಲಿ ಕೂತ ಇಲಿಗೆ ಬದುಕು ಬೇಡವೆನಿಸಿದೆಯೇ ಎಂದು ತಿಳಿಯುವ ದಾರಿಯೇ ಇಲ್ಲ. ಇನ್ನೊಂದು ತೊಡಕು ತರ್ಕದ್ದು. ಒಂದು ಮಾದರಿಯನ್ನು ಒಪ್ಪುವುದು ಅದರಲ್ಲಿ ಲಿಥಿಯಂ ಕೆಲಸ ಮಾಡಿತು ಎಂಬ ಕಾರಣಕ್ಕೆ. ಆಮೇಲೆ ಅದೇ ಮಾದರಿಯಲ್ಲಿ ಹೊಸ ಔಷಧ ಹುಡುಕಿದರೆ ಸಿಗುವುದು ಲಿಥಿಯಂನಂತೆಯೇ ವರ್ತಿಸುವ ವಸ್ತುಗಳು. ಲಿಥಿಯಂ ಒಗ್ಗದ ರೋಗಿಗಳ ಪಾಲಿಗೆ, ಅವರ ಸಂಖ್ಯೆ ಕಡಿಮೆಯೇನಲ್ಲ, ಈ ಹುಡುಕಾಟದಿಂದ ಬಂದದ್ದು ಬಹಳ ಸ್ವಲ್ಪ. ಲಿಥಿಯಂ ನಂತರ ಈ ಕಾಯಿಲೆಗೆ ಬಳಕೆಗೆ ಬಂದ ವ್ಯಾಲ್‌ಪ್ರೊಯೇಟ್, ಲ್ಯಾಮೊಟ್ರಿಜಿನ್ ಮೂರ್ಛೆರೋಗದ ಔಷಧಗಳು, ಒಲಾಂಜಪಿನ್, ಕ್ವೆಟಿಯಾಪಿನ್ ಮೊದಲಿಗೆ ಸ್ಕಿಜೋಫ್ರೇನಿಯಾಗೆಂದು ಬಂದವು.

ಒತ್ತಾಯದ ಈಜು ಪರೀಕ್ಷೆಯ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ಹತ್ತಿ ಹೊರಬರಲಾಗದ ಗಾಜಿನ ಕೊಳವೆಯ ನೀರಿಗೆ ಇಲಿಯನ್ನು ಬಿಟ್ಟು, ಅದು ಎಷ್ಟು ಹೊತ್ತಿಗೆ ಈಜುವುದನ್ನು ನಿಲ್ಲಿಸಿ ತೇಲುತ್ತದೆಂದು ಕೆಲವು ನಿಮಿಷ ಎಣಿಸುವ ಈ ವಿಧಾನವನ್ನು ರೋಜರ್ ಪೋರ್ಸೋಲ್ಟ್ 1977ರಲ್ಲಿ ಖಿನ್ನತೆಯ ಔಷಧಗಳನ್ನು ಜರಡಿಹಿಡಿಯಲು ರೂಪಿಸಿದರು. ತೇಲುವುದು ಹತಾಶೆಯೋ, ಶಕ್ತಿಯನ್ನು ಉಳಿಸಿಕೊಳ್ಳುವ ಜಾಣತನವೋ ಎಂಬ ವಾದ ಇನ್ನೂ ತೀರಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 2024ರಲ್ಲಿ ಇದನ್ನು ಕಾನೂನಿನಿಂದಲೇ ನಿಷೇಧಿಸಿತು. ಖಿನ್ನತೆಯನ್ನು ಹತ್ತಿರದಿಂದ ಕಂಡವಳಾಗಿ ಹೇಳುತ್ತೇನೆ: ತಮ್ಮ ಹಾಸಿಗೆ ಬಿಟ್ಟು ಏಳದೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ ಆ ತಿಂಗಳುಗಳಿಗೂ ನೀರಿನಲ್ಲಿ ತೇಲುವ ಇಲಿಯ ನಾಲ್ಕು ನಿಮಿಷಗಳಿಗೂ ನನಗೆ ಯಾವ ಸಂಬಂಧವೂ ಕಾಣುವುದಿಲ್ಲ. ಅವನ ಹೆಸರಿನಲ್ಲಿ ಆ ಪರೀಕ್ಷೆ ನಡೆಯುವುದು ಬೇಡ.

ಹಾಗೆಂದು ಪ್ರಾಣಿಗಳಿಂದ ಏನೂ ತಿಳಿದಿಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ, ತಮ್ಮನಿಗೆ ಸುಳ್ಳು ಹೇಳಿ ಸಮಾಧಾನ ಮಾಡುವ ಇಚ್ಛೆ ನನಗಿರಲಿಲ್ಲ. ಲಿಥಿಯಂ ಕೊಟ್ಟ ಇಲಿಗಳ ಮಿದುಳಿನಲ್ಲಿ ಇನೋಸಿಟಾಲ್ ಎಂಬ ವಸ್ತು ಕಡಿಮೆಯಾಗುವುದನ್ನು 1971ರಲ್ಲೇ ಕಂಡುಕೊಂಡಿದ್ದರು. ಕಪ್ಪೆಯ ಭ್ರೂಣದ ಬೆಳವಣಿಗೆಯನ್ನು ಲಿಥಿಯಂ ಕೆಡಿಸುವುದೇಕೆ ಎಂದು ಹುಡುಕುತ್ತಾ ಹೋದ ಕ್ಲೈನ್ ಮತ್ತು ಮೆಲ್ಟನ್ 1996ರಲ್ಲಿ ಅದು ಜಿಎಸ್‌ಕೆ-3 ಎಂಬ ಕಿಣ್ವವನ್ನು ತಡೆಯುತ್ತದೆಂದು ತೋರಿಸಿದರು. ಮಾತ್ರೆ ಜೀವಕೋಶದೊಳಗೆ ಏನು ಮಾಡುತ್ತದೆಂಬ ಇಂದಿನ ತಿಳಿವಳಿಕೆಯ ಎರಡು ಮುಖ್ಯ ಎಳೆಗಳು ಇವು. ಲಿಥಿಯಂ ಬೆರೆಸಿದ ಆಹಾರ ತಿನ್ನುವ ಇಲಿಗಳಿಗೂ ತಮ್ಮನಂತೆಯೇ ವಿಪರೀತ ಬಾಯಾರಿಕೆ. ಅವುಗಳ ಗೂಡಿನ ಹಾಸು ಮೂತ್ರದಿಂದ ಬೇಗ ನೆನೆದುಹೋಗುತ್ತದೆ, ಆದ್ದರಿಂದ ಹಾಸನ್ನು ಪದೇಪದೇ ಬದಲಿಸಿ, ನೀರಿನ ಬಾಟಲಿಯ ಪಕ್ಕದಲ್ಲಿ ಉಪ್ಪುನೀರಿನ ಇನ್ನೊಂದು ಬಾಟಲಿಯನ್ನೂ ಕಟ್ಟಬೇಕಾಗುತ್ತದೆ. ಇದನ್ನು ಓದಿ ಹೇಳಿದಾಗ ತಮ್ಮ ಬಹಳ ಹೊತ್ತು ಸುಮ್ಮನಿದ್ದ. ಕಿಡ್ನಿಗೆ ಆಗುವ ಹಾನಿಯನ್ನು, ಅದನ್ನು ತಪ್ಪಿಸುವ ಬಗೆಯನ್ನು ತಿಳಿಯಲು ನಡೆದ ಇಂಥ ಅಧ್ಯಯನಗಳಿಗೆ ನಾನು ಋಣಿಯಾಗಿದ್ದೇನೆ. ಇಲಿಯ ಮೂತ್ರಪಿಂಡಕ್ಕೂ ನಮ್ಮದಕ್ಕೂ ಇರುವ ಹೋಲಿಕೆ ನಿಜವಾದದ್ದು. ಇಲಿಯ ಓಟಕ್ಕೂ ಮನುಷ್ಯನ ಉನ್ಮಾದಕ್ಕೂ ಇರುವುದು ತೋರಿಕೆಯ ಹೋಲಿಕೆ. ಯಾವ ಪ್ರಯೋಗವನ್ನು ಒಪ್ಪಬೇಕು, ಯಾವುದನ್ನು ಬೇಡವೆನ್ನಬೇಕು ಎಂಬುದಕ್ಕೆ ನಾನು ಇಟ್ಟುಕೊಂಡಿರುವ ಗೆರೆ ಇದು.

ಕಾನೂನು ಕೂಡ ಈ ಪ್ರಶ್ನೆಯನ್ನು ಪೂರ್ತಿಯಾಗಿ ಬಿಟ್ಟಿಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಪ್ರಯೋಗಗಳಿಗೆ ಅವಕಾಶ ಕೊಡುತ್ತಲೇ, ಬೇರೆ ದಾರಿ ಇರುವ ಕಡೆ ಸಾಧ್ಯವಾದಷ್ಟೂ ಪ್ರಾಣಿಗಳನ್ನು ಬಳಸಬಾರದು ಎನ್ನುತ್ತದೆ; 1998ರ ನಿಯಮಗಳ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಹೊಸ ಔಷಧಗಳ ನಿಯಮಗಳಿಗೆ 2023ರಲ್ಲಿ ಬಂದ ತಿದ್ದುಪಡಿ ಜೀವಕೋಶ ಆಧಾರಿತ ಮತ್ತು ಕಂಪ್ಯೂಟರ್ ಆಧಾರಿತ ಪರೀಕ್ಷೆಗಳಿಗೂ ಬಾಗಿಲು ತೆರೆದಿದೆ.

ಆ ಬೇರೆ ದಾರಿಯ ಒಂದು ಭಾಗ ಬೆಂಗಳೂರಿನಲ್ಲೇ ಇದೆ ಎಂಬುದು ನನಗೆ ಸಂತೋಷ ಕೊಟ್ಟ ಸಂಗತಿ. ನಿಮ್ಹಾನ್ಸ್ ಆಸ್ಪತ್ರೆ, ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸೇರಿ 2016ರಲ್ಲಿ ಆರಂಭಿಸಿದ ಯೋಜನೆಯಲ್ಲಿ, ಒಂದಕ್ಕಿಂತ ಹೆಚ್ಚು ಮಂದಿಗೆ ತೀವ್ರ ಮನೋರೋಗವಿರುವ ಕುಟುಂಬಗಳನ್ನು ದೀರ್ಘಕಾಲ ಅಧ್ಯಯನ ಮಾಡುತ್ತಿದ್ದಾರೆ. ಒಪ್ಪಿಗೆ ಕೊಟ್ಟ ರೋಗಿಗಳ ಮತ್ತು ಅವರ ಆರೋಗ್ಯವಂತ ಬಂಧುಗಳ ರಕ್ತದ ಜೀವಕೋಶಗಳನ್ನು, ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳಾಗಿ ಪರಿವರ್ತಿಸಿ, ಅವುಗಳಿಂದ ನರಕೋಶಗಳನ್ನು ಬೆಳೆಸಿ ಹೋಲಿಸುವುದು ಅದರ ಒಂದು ಭಾಗ. ಬೈಪೋಲಾರ್ ಕಾಯಿಲೆಯೂ ಅದರ ವ್ಯಾಪ್ತಿಯಲ್ಲಿದೆ. ಈ ವಿಧಾನದ ಶಕ್ತಿಯನ್ನು ಅಮೆರಿಕದ ಒಂದು ತಂಡ 2015ರಲ್ಲೇ ತೋರಿಸಿತ್ತು. ಬೈಪೋಲಾರ್ ರೋಗಿಗಳ ಕೋಶಗಳಿಂದ ಬೆಳೆಸಿದ ನರಕೋಶಗಳು ಅತಿಯಾಗಿ ಮಿಡಿಯುತ್ತಿದ್ದವು. ಲಿಥಿಯಂ ಸೇರಿಸಿದಾಗ ಆ ಮಿಡಿತ ತಗ್ಗಿದ್ದು, ನಿಜಜೀವನದಲ್ಲಿ ಲಿಥಿಯಂ ಒಗ್ಗಿದ್ದ ರೋಗಿಗಳ ಕೋಶಗಳಲ್ಲಿ ಮಾತ್ರ. ಯಾರಿಗೆ ಈ ಮಾತ್ರೆ ಒಗ್ಗುತ್ತದೆ, ಯಾರಿಗೆ ಒಗ್ಗುವುದಿಲ್ಲ ಎಂಬ ಪ್ರಶ್ನೆಗೆ ಒಂದೇ ತಳಿಯ, ಒಂದೇ ಬಗೆಯ ಇಲಿಗಳು ಉತ್ತರ ಕೊಡಲಾರವು. ಇಲ್ಲಿ ಉತ್ತರದ ಮೊದಲ ಸುಳಿವು ಕಾಣುತ್ತದೆ. ತಟ್ಟೆಯಲ್ಲಿ ಬೆಳೆದ ಕೋಶಕ್ಕೆ ನಿದ್ದೆಯಿಲ್ಲ, ಮೂತ್ರಪಿಂಡವಿಲ್ಲ, ಋತುಮಾನವಿಲ್ಲ ಎಂಬುದೂ ನಿಜ, ಹಾಗಾಗಿ ಅದೊಂದರಿಂದಲೇ ಎಲ್ಲವೂ ಬಗೆಹರಿಯುತ್ತದೆಂದು ನಾನು ನಂಬಿಲ್ಲ. ಆದರೂ ನಮ್ಮ ಕುಟುಂಬವನ್ನು ಕೇಳಿದರೆ ರಕ್ತ ಕೊಡಲು ನಾವು ಸಿದ್ಧರಿದ್ದೇವೆ, ತಮ್ಮನೇ ಮೊದಲು ಹಾಗೆಂದ.

ಇನ್ನು ಕೊಳ್ಳುವವರಿಗೆ ಕೆಲವು ಮಾತುಗಳು. ಲಿಥಿಯಂ ಭಾರತದ ಅತ್ಯವಶ್ಯಕ ಔಷಧಗಳ ಪಟ್ಟಿಯಲ್ಲಿದೆ, ಬೆಲೆ ಸಾಮಾನ್ಯ ಕುಟುಂಬಕ್ಕೆ ಎಟುಕುವಂತಿದೆ. ನನ್ನ ಲೆಕ್ಕದಲ್ಲಿ ಮಾತ್ರೆಗಿಂತ ಪರೀಕ್ಷೆಗಳಿಗೇ ಹೆಚ್ಚು ಖರ್ಚು. ನಮ್ಮ ಊರಿನಂಥ ಸಣ್ಣ ಊರುಗಳ ಮೆಡಿಕಲ್ ಶಾಪ್‌ಗಳಲ್ಲಿ ಇದು ಯಾವಾಗಲೂ ಸಿಗುವುದಿಲ್ಲ, ಒಮ್ಮೊಮ್ಮೆ ಹೇಳಿ ತರಿಸಬೇಕು, ಆದ್ದರಿಂದ ಕೊನೆಯ ಸ್ಟ್ರಿಪ್ ತೆರೆಯುವ ಮೊದಲೇ ಹೊಸದನ್ನು ತಂದಿಡುವುದು ಲೇಸು. ಇದನ್ನು ಒಮ್ಮೆಗೇ ನಿಲ್ಲಿಸಿದರೆ ಉನ್ಮಾದ ಮರುಕಳಿಸುವ ಅಪಾಯ ಹೆಚ್ಚು. ನಿಲ್ಲಿಸಲೇಬೇಕಾದರೆ ವೈದ್ಯರ ನಿಗಾದಲ್ಲಿ ನಿಧಾನವಾಗಿ ಇಳಿಸುತ್ತಾರೆ. ಸಾದಾ 300 ಮಿ.ಗ್ರಾಂ ಮಾತ್ರೆಗೂ ನಿಧಾನವಾಗಿ ಕರಗುವ ಮಾತ್ರೆಗೂ ರಕ್ತಕ್ಕೆ ಸೇರುವ ವೇಗದಲ್ಲಿ ವ್ಯತ್ಯಾಸವಿರುವುದರಿಂದ, ಅಂಗಡಿಯವರು ಒಂದರ ಬದಲು ಇನ್ನೊಂದನ್ನು ಕೊಟ್ಟರೆ ತೆಗೆದುಕೊಳ್ಳಬೇಡಿ. ಬದಲಿಸುವುದಾದರೆ ವೈದ್ಯರೇ ಬದಲಿಸಬೇಕು, ಆಮೇಲೆ ರಕ್ತದ ಮಟ್ಟವನ್ನೂ ಮತ್ತೆ ನೋಡಬೇಕು. ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಗರ್ಭ ಧರಿಸುವ ಯೋಚನೆ ಇರುವವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ಔಷಧವಾಗಿ ಇದಕ್ಕೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಕಳೆದ ಅರ್ಧ ಅಂಕ ನಡುಕಕ್ಕೂ ಬಾಯಾರಿಕೆಗೂ ಸೇರಿದ್ದು. ಅದರ ಹೆಸರಿನಲ್ಲಿ ನಡೆಯುವ ಪ್ರಾಣಿ ಪ್ರಯೋಗಗಳಿಗೆ ಒಟ್ಟಾರೆ ಅಂಕ ಕೊಡುವುದು ನ್ಯಾಯವಲ್ಲ. ತಮ್ಮ ತನ್ನ ಲೆಕ್ಕವನ್ನು ತಾನೇ ಮಾಡಿಕೊಂಡಿದ್ದಾನೆ: ಮಾತ್ರೆಯನ್ನು ತಪ್ಪಿಸುವುದಿಲ್ಲ, ಏಕೆಂದರೆ ಅದನ್ನು ವ್ಯರ್ಥ ಮಾಡಿದರೆ ಹೋದ ಜೀವಗಳೂ ವ್ಯರ್ಥವಾದಂತೆ ಎಂದು ಅವನ ಭಾವನೆ. ಮುಂದಿನ ಪರೀಕ್ಷೆಯ ಜೊತೆಗೆ ಈ ಸಲ ರಕ್ತದ ಕ್ಯಾಲ್ಸಿಯಂ ಅನ್ನೂ ನೋಡಬೇಕೆಂದು ವೈದ್ಯರು ಬರೆದಿದ್ದಾರೆ. ಲಿಥಿಯಂ ದೀರ್ಘಕಾಲ ಸೇವಿಸುವವರಲ್ಲಿ ಅದು ಏರುವುದುಂಟು, ನಿಮ್ಮ ಚೀಟಿಯಲ್ಲಿ ಅದು ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.